ಶಿಶುಶಿಕ್ಷಕಿಯರ ತರಬೇತಿಯೂ ವೀಕ್ಷಕರ ದೋಷವೂ

ಖಗೋಳವಿಜ್ಞಾನದ ಚರಿತ್ರೆಯಲ್ಲಿ ಒಂದು ಸಣ್ಣ ಪ್ರಸಂಗವುಂಟು. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ನೆವಿಲ್ ಮ್ಯಾಸ್ಕೆಲಿನ್ ಎಂಬುವರು 1796ರಲ್ಲಿ ತಮ್ಮ ಸಹಾಯಕನಾದ ಡೇವಿಡ್ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದುಹಾಕಿದರು. ಆತನ ಅಪರಾಧವಿಷ್ಟೆ: ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರವು ದಾಟುವ ಕ್ಷಣವನ್ನು, ಗಡಿಯಾರದ ಬಡಿತಗಳನ್ನು ಕಿವಿಯಿಂದ ಎಣಿಸುತ್ತ ಕಣ್ಣಿನಿಂದ ಗುರುತಿಸುವಾಗ, ಆತನ ಲೆಕ್ಕವು ಯಜಮಾನರ ಲೆಕ್ಕಕ್ಕಿಂತ ಸುಮಾರು 0.8 ಸೆಕೆಂಡಿನಷ್ಟು ತಡವಾಗಿ ಬರುತ್ತಿತ್ತು. ಇದು ಅಲ್ಪವೆಂದು ತೋರಬಹುದು. ಆದರೆ ಭೂಮಿಯು ತಿರುಗುತ್ತಿರುವುದರಿಂದ, ನಕ್ಷತ್ರಗಳನ್ನು ನೋಡಿ ಸ್ಥಳನಿರ್ಣಯ ಮಾಡುವವನಿಗೆ ಈ 0.8 ಸೆಕೆಂಡು ಭೂಮಧ್ಯರೇಖೆಯ ಮೇಲೆ ಸುಮಾರು 370 ಮೀಟರುಗಳ ತಪ್ಪಾಗಿ ಪರಿಣಮಿಸುತ್ತದೆ. ಮ್ಯಾಸ್ಕೆಲಿನ್ ಇದನ್ನು ಸಹಾಯಕನ ಅಜಾಗರೂಕತೆಯೆಂದೇ ಬಗೆದರು.

ಎರಡು ದಶಕಗಳು ಕಳೆದ ಮೇಲೆ ಜರ್ಮನಿಯ ಬೆಸೆಲ್ ಎಂಬ ಖಗೋಳವಿಜ್ಞಾನಿಯ ದೃಷ್ಟಿ ಈ ಪ್ರಸಂಗದ ಮೇಲೆ ಬಿತ್ತು. ಅವರು 1820ರ ದಶಕದಲ್ಲಿ ತಮ್ಮ ಎಣಿಕೆಗಳನ್ನು ಬೇರೆ ಬೇರೆ ಪ್ರಸಿದ್ಧ ವೀಕ್ಷಕರ ಎಣಿಕೆಗಳೊಡನೆ ಹೋಲಿಸಿ ನೋಡಿದರು. ಯಾರೊಬ್ಬರ ಲೆಕ್ಕವೂ ಇನ್ನೊಬ್ಬರ ಲೆಕ್ಕದೊಡನೆ ಕೂಡಿಬರಲಿಲ್ಲ. ಅವರಿಗೂ ಅರ್ಗೆಲಾಂಡರ್ ಎಂಬ ಇನ್ನೊಬ್ಬ ನುರಿತ ವೀಕ್ಷಕರಿಗೂ ನಡುವೆ ಒಂದು ಸೆಕೆಂಡಿಗೂ ಮಿಕ್ಕ ಅಂತರವಿತ್ತು. ಇಬ್ಬರಲ್ಲಿ ಯಾರೂ ಅಜಾಗರೂಕರಲ್ಲ, ಇಬ್ಬರೂ ಪ್ರಾಮಾಣಿಕರು. ನೋಡುವ ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ದೋಷವು ಅಂಟಿಕೊಂಡಿರುತ್ತದೆ, ಅದು ಅವನಿಗೆ ತಾನಾಗಿ ತಿಳಿಯುವುದಿಲ್ಲ, ಇತರರೊಡನೆ ಹೋಲಿಸಿದಾಗ ಮಾತ್ರ ಬೆಳಕಿಗೆ ಬರುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ವಿಜ್ಞಾನಿಗಳು ಇದಕ್ಕೆ ವೈಯಕ್ತಿಕ ಸಮೀಕರಣವೆಂದು ಹೆಸರಿಟ್ಟರು. ಯಜಮಾನರ ಕಣ್ಣೇ ಸತ್ಯದ ಅಳತೆಗೋಲೆಂಬ ನಂಬಿಕೆಗೆ ಕಿನ್ನೆಬ್ರೂಕನು ಬಲಿಯಾಗಿದ್ದನು.

ಇದಕ್ಕೂ ಶಿಶುಶಿಕ್ಷಣಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಮೂರು ವರ್ಷದ ಮಗು ಮನೆಯ ಹೊಸಿಲನ್ನು ದಾಟಿ ಅಂಗನವಾಡಿಗೆ ಕಾಲಿಟ್ಟಾಗ, ತನ್ನ ಬಂಧುಬಳಗದ ಹೊರಗಿನವರೊಬ್ಬರು ಅದನ್ನು ಮೊಟ್ಟಮೊದಲು ವೀಕ್ಷಿಸಲು ತೊಡಗುತ್ತಾರೆ. ಇದು ಚುರುಕು, ಇದು ಮಂದ, ಇದು ತುಂಟ, ಇದು ಹೇಳಿದಂತೆ ಕೇಳುವುದು ಎಂದು ಅಲ್ಲಿಯ ಕಾರ್ಯಕರ್ತೆಯು ಕೆಲವೇ ದಿನಗಳಲ್ಲಿ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾಳೆ. ಆಕೆಯ ಕಣ್ಣಿಗೂ ಒಂದು ವೈಯಕ್ತಿಕ ಸಮೀಕರಣವಿರುತ್ತದೆ. ಆಕೆ ಬೆಳೆದ ಮನೆಯ ಮಾತು, ಜಾತಿ, ಊಟ, ಉಡುಪು, ಮರ್ಯಾದೆಯ ಕಲ್ಪನೆ ಇವುಗಳಿಂದ ಅದು ರೂಪುಗೊಂಡಿದೆ. ಆ ದೋಷವನ್ನು ಕಂಡುಕೊಂಡು ತಿದ್ದಿಕೊಳ್ಳುವ ವಿದ್ಯೆಯೇ ಶಿಶುಶಿಕ್ಷಕಿಯ ತರಬೇತಿಯಲ್ಲಿ ಮೊದಲ ಪಾಠವಾಗಬೇಕು. ಹಾಡು, ಆಟ, ಬಣ್ಣದ ಚಿತ್ರಗಳು ಅದರ ತರುವಾಯ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೇಕೆ ಈ ಚಿಂತೆ ಎಂದರೆ, ನಮ್ಮ ತರಗತಿಗೆ ಬಂದು ಕುಳಿತುಕೊಳ್ಳುವವರು ಹಲವು ಜರಡಿಗಳಲ್ಲಿ ಸೋಸಿ ಉಳಿದವರು. ಆ ಜರಡಿಗಳಲ್ಲಿ ಮೊದಲನೆಯದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ.

ಮಗುವು ಅಂಗನವಾಡಿಗೆ ಬರುವಾಗ ಬರಿದಾದ ಹಲಗೆಯಂತಿರುತ್ತದೆ, ನಾವು ಬರೆದದ್ದೇ ಅದರ ಮೇಲೆ ಮೂಡುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಆರು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ಗಾತ್ರದಲ್ಲಿ ವಯಸ್ಕರ ಮಿದುಳಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಬೆಳೆದಿರುತ್ತದೆ. ಭಾಷೆಯ ಕೆಲಸವಂತೂ ಅದಕ್ಕೂ ಬಹಳ ಮೊದಲೇ ಆರಂಭವಾಗಿರುತ್ತದೆ. ಕೆನಡಾ ದೇಶದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮವರಿಗೆ ವಿಶೇಷವಾಗಿ ಸ್ವಾರಸ್ಯಕರವಾದುದು. ಇಂಗ್ಲಿಷ್ ಮಾತನಾಡುವ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಅವರು ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲವಷ್ಟೆ. ಆದರೂ ಆರರಿಂದ ಎಂಟು ತಿಂಗಳ ಕೂಸುಗಳು ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಮಾಯವಾಗಿತ್ತು. ಎಂದರೆ, ಒಂದು ವರ್ಷ ತುಂಬುವುದರೊಳಗೇ ಕೂಸಿನ ಕಿವಿಯು ತನ್ನ ಮನೆಯ ಭಾಷೆಗೆ ತಕ್ಕಂತೆ ಶ್ರುತಿಗೊಂಡಿರುತ್ತದೆ. ಅಂಗನವಾಡಿಯ ಬಾಗಿಲಿಗೆ ಬರುವ ಮೂರು ವರ್ಷದ ಮಗುವು ಒಂದು ಭಾಷೆಯನ್ನೂ ಒಂದು ಲೋಕವನ್ನೂ ಹೊತ್ತುಕೊಂಡೇ ಬರುತ್ತದೆ.

ಆ ಭಾಷೆ ಯಾವುದು? ಕರ್ನಾಟಕದಲ್ಲಿ ಅದು ಕನ್ನಡವೆಂದು ಥಟ್ಟನೆ ಹೇಳಿಬಿಡುವುದು ಸುಲಭ. ಆದರೆ 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು ಮೂರರಲ್ಲಿ ಎರಡು ಪಾಲು ಮಂದಿ. ಉಳಿದವರ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ ಮೊದಲಾದ ಮಾತುಗಳು ನಡೆಯುತ್ತವೆ. ಕನ್ನಡವೇ ಆದರೂ ಬೀದರಿನ ಕನ್ನಡ ಬೇರೆ, ಚಾಮರಾಜನಗರದ ಕನ್ನಡ ಬೇರೆ. ದಾಹವಾದ ಮಗುವೊಂದು ಕನ್ನಡದಲ್ಲಿ ನೀರು ಎಂದರೆ, ಇನ್ನೊಂದು ಪಾನಿ ಎನ್ನುತ್ತದೆ. ಮತ್ತೊಂದು ಉದಕ ಎನ್ನುತ್ತದೆ. ಇದಕ್ಕಿಂತಲೂ ಸೋಜಿಗದ ಉದಾಹರಣೆ ತುಳುವಿನಲ್ಲಿದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಘಟ್ಟದ ಮೇಲಿನಿಂದ ಬಂದ ಶಿಕ್ಷಕಿಯೊಬ್ಬಳು ತುಳುವ ಮಗುವನ್ನು, ನಿನ್ನನ್ನು ಯಾರು ಕರೆತಂದರು ಎಂದು ಕೇಳಿದಳೆನ್ನೋಣ. ಮಗುವು ಅಮ್ಮೆ ಎನ್ನುತ್ತದೆ. ಬಾಗಿಲಲ್ಲಿ ನಿಂತಿರುವವನು ಗಂಡಸು. ಭಾಷೆಯನ್ನರಿಯದ ಶಿಕ್ಷಕಿಗೆ, ಈ ಮಗುವಿಗೆ ತಾಯಿತಂದೆಯರ ಭೇದವೂ ತಿಳಿಯದೆಂದು ತೋರೀತು. ಮಗು ಸರಿಯಾಗಿಯೇ ಹೇಳಿತ್ತು. ಅಳೆದ ಕೋಲು ತಪ್ಪಾಗಿತ್ತು. ಹೀಗೆ ಎರಡು ಮೂರು ಬಾರಿ ಉತ್ತರ ಹೇಳಿ, ಸುತ್ತಲಿದ್ದವರ ನಗೆಯನ್ನು ಕೇಳಿದ ಮಗುವು ಮೌನವನ್ನು ಕಲಿತುಕೊಳ್ಳುತ್ತದೆ. ಆಮೇಲೆ ಆ ಮೌನವೇ ಅದರ ಬುದ್ಧಿಯ ಅಳತೆಯಾಗುತ್ತದೆ.

ಭಾಷೆಯೊಂದೇ ಅಲ್ಲ. ಕುರಿ ಕಾಯುವವರ ಮಗುವಿಗೆ ಹಿಂಡಿನ ಒಂದೊಂದು ಕುರಿಯ ಗುರುತೂ ಇರುತ್ತದೆ. ಆದರೆ ಗೋಡೆಯ ಚಿತ್ರದಲ್ಲಿರುವ ರೈಲನ್ನು ಅದು ಎಂದೂ ಕಂಡಿರುವುದಿಲ್ಲ. ಮೀನುಗಾರರ ಮಗುವು ಹತ್ತು ಬಗೆಯ ಮೀನುಗಳ ಹೆಸರು ಹೇಳೀತು. ಸೇಬಿನ ಚಿತ್ರವನ್ನು ತೋರಿಸಿದರೆ ಸುಮ್ಮನಿದ್ದೀತು. ರೈಲನ್ನೂ ಸೇಬನ್ನೂ ಮಾತ್ರ ಕೇಳುವ ಶಿಕ್ಷಕಿಯು ಈ ಮಕ್ಕಳಿಗೆ ಏನೂ ತಿಳಿಯದೆಂದು ತೀರ್ಮಾನಿಸುತ್ತಾಳೆ. ಆಕೆ ಕೇಳಿದ ಪ್ರಶ್ನೆಯಲ್ಲಿಯೇ ಉತ್ತರವು ಅರ್ಧ ಅಡಗಿತ್ತು.

ಇದು ಕೇವಲ ಊಹೆಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ಮತ್ತು ಅವರ ಸಂಗಡಿಗರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಹೊರಗೆಡಹಿದರು. ನೂರಕ್ಕೂ ಮಿಕ್ಕ ಶಿಶುಶಿಕ್ಷಕರಿಗೆ ಕೆಲವು ಚಲಚ್ಚಿತ್ರದ ತುಣುಕುಗಳನ್ನು ತೋರಿಸಿ, ತುಂಟತನದ ಲಕ್ಷಣವು ಎಲ್ಲಿ ಕಂಡರೂ ಗುರುತಿಸಿ ಎಂದು ಹೇಳಲಾಯಿತು. ಚಿತ್ರದಲ್ಲಿ ನಾಲ್ಕು ಮಕ್ಕಳಿದ್ದರು: ಕಪ್ಪು ವರ್ಣದ ಒಬ್ಬ ಹುಡುಗ, ಒಬ್ಬಳು ಹುಡುಗಿ; ಬಿಳಿಯ ವರ್ಣದ ಒಬ್ಬ ಹುಡುಗ, ಒಬ್ಬಳು ಹುಡುಗಿ. ನಿಜವಾಗಿ ನೋಡಿದರೆ ಆ ತುಣುಕುಗಳಲ್ಲಿ ಯಾವ ತುಂಟತನವೂ ಇರಲಿಲ್ಲ. ಆದರೆ ಶಿಕ್ಷಕರ ಕಣ್ಣಿನ ಚಲನೆಯನ್ನು ಯಂತ್ರವೊಂದು ದಾಖಲುಮಾಡುತ್ತಿತ್ತು. ಕಣ್ಣುಗಳು ಕಪ್ಪು ಹುಡುಗನ ಮೇಲೆ ಹೆಚ್ಚು ಹೊತ್ತು ನೆಟ್ಟಿದ್ದವು. ಯಾವ ಮಗುವಿನ ಮೇಲೆ ಹೆಚ್ಚು ನಿಗಾ ಬೇಕೆಂದು ಬಾಯಿಬಿಟ್ಟು ಕೇಳಿದಾಗ 100ಕ್ಕೆ 42 ಮಂದಿ ಆ ಹುಡುಗನನ್ನೂ, 34 ಮಂದಿ ಬಿಳಿಯ ಹುಡುಗನನ್ನೂ ತೋರಿಸಿದರು. ಕಪ್ಪು ವರ್ಣದ ಶಿಕ್ಷಕರೂ ಇದಕ್ಕೆ ಹೊರತಾಗಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ದ್ವೇಷದಿಂದ ಹುಟ್ಟಿದ ದೋಷ ಇದಲ್ಲ. ಸಮಾಜವು ಎಲ್ಲರ ಕಣ್ಣಿಗೂ ಕಲಿಸಿಕೊಟ್ಟ ಅಭ್ಯಾಸ. ಅಮೆರಿಕದಲ್ಲಿ ವರ್ಣವು ಮಾಡುವ ಕೆಲಸವನ್ನು ನಮ್ಮಲ್ಲಿ ಜಾತಿ, ಮತ, ಮಾತಿನ ಧಾಟಿ, ಅಂಗಿಯ ಕೊಳೆ ಇವು ಮಾಡಬಲ್ಲವು.

ಇಲ್ಲಿಗೆ ಬಂದಾಗ ಖಗೋಳದ ಹೋಲಿಕೆ ಸಾಲದೆ ಹೋಗುತ್ತದೆ. ನಕ್ಷತ್ರವನ್ನು ಕಿನ್ನೆಬ್ರೂಕ್ 0.8 ಸೆಕೆಂಡು ತಡವಾಗಿ ಕಂಡರೆ ನಕ್ಷತ್ರಕ್ಕೆ ನಷ್ಟವಿಲ್ಲ. ಅದು ತನ್ನ ದಾರಿಯಲ್ಲಿ ಸಾಗುತ್ತದೆ. ಮಗುವಾದರೋ ತನ್ನನ್ನು ನೋಡುವವರ ಕಣ್ಣನ್ನೇ ನೋಡುತ್ತಿರುತ್ತದೆ. ತನ್ನ ವಿಷಯದಲ್ಲಿ ಇತರರ ಎಣಿಕೆ ಏನೆಂಬುದನ್ನು ಅದು ಬಲುಬೇಗ ಗ್ರಹಿಸಿ, ಆ ಎಣಿಕೆಗೆ ತಕ್ಕಂತೆ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಸಾಕ್ಷಿ. ಆರು, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲೆ ಬರೆದ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವ ಕೆಲಸವನ್ನು ಕೊಡಲಾಯಿತು. ಯಾರ ಜಾತಿಯನ್ನೂ ಹೇಳದೆ ಇದ್ದಾಗ ಮೇಲುಜಾತಿಯ ಹುಡುಗರಿಗೂ ಕೆಳಜಾತಿಯೆನಿಸಿಕೊಂಡವರ ಹುಡುಗರಿಗೂ ಗಣನೀಯವಾದ ಅಂತರವಿರಲಿಲ್ಲ. ಒಬ್ಬೊಬ್ಬನ ಹೆಸರನ್ನೂ ಜಾತಿಯನ್ನೂ ಎಲ್ಲರೆದುರಿಗೆ ಓದಿ ಹೇಳಿದ ತರುವಾಯ, ಕೆಳಜಾತಿಯವರೆನಿಸಿಕೊಂಡ ಹುಡುಗರ ಸಾಧನೆ ಸ್ಪಷ್ಟವಾಗಿ ಇಳಿದುಹೋಯಿತು. ಕಾಗದ ಅದೇ, ಕೆಲಸ ಅದೇ, ಹುಡುಗರೂ ಅಂಥವರೇ. ಬದಲಾದದ್ದು ನಾಲ್ಕು ಜನರ ಎದುರಿಗೆ ಓದಿದ ಒಂದು ಮಾತು. ಹನ್ನೊಂದು ಹನ್ನೆರಡು ವರ್ಷದ ಹುಡುಗರನ್ನು ಒಂದು ಮಾತು ಇಷ್ಟು ಕುಗ್ಗಿಸಬಲ್ಲುದಾದರೆ, ಮೂರು ವರ್ಷದಿಂದಲೇ ಮೊದಲಾಗಿ ದಿನದಿನವೂ ಬೀಳುವ ನೋಟದ ಪರಿಣಾಮವನ್ನು ವಾಚಕರೇ ಊಹಿಸಬಹುದು.

ಒಳ್ಳೆಯ ಮನಸ್ಸಿದ್ದರೆ ಸಾಕು, ತರಬೇತಿ ಏಕೆ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವು ನಮ್ಮ ಪ್ರಯೋಗಶಾಲೆಯಲ್ಲಿಯೇ ಇದೆ. ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ ಅಳೆಯುವ ವಿದ್ಯಾರ್ಥಿಗಳಿಗೆ ಎರಡು ಬಗೆಯ ದೋಷಗಳು ಪರಿಚಿತವಾಗಿವೆ. ಕೈ ಅಲುಗಿದ್ದರಿಂದಲೋ ಕಣ್ಣು ತಪ್ಪಿದ್ದರಿಂದಲೋ ಆಗುವ ದೋಷವು ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ ಬರುತ್ತದೆ. ಹತ್ತು ಬಾರಿ ಅಳೆದು ಸರಾಸರಿ ತೆಗೆದರೆ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಆದರೆ ಉಪಕರಣದ ಶೂನ್ಯದೋಷ ಹಾಗಲ್ಲ. ಬಾಯಿ ಮುಚ್ಚಿದಾಗಲೇ ಅದು 0.04 ಮಿಲಿಮೀಟರ್ ತೋರಿಸುತ್ತಿದ್ದರೆ, 0.50 ಮಿಲಿಮೀಟರ್ ದಪ್ಪದ ತಂತಿಯು ಹತ್ತು ಬಾರಿ ಅಳೆದರೂ 0.54 ಎಂದೇ ಬರುತ್ತದೆ. ಎಷ್ಟು ಶ್ರದ್ಧೆಯಿಂದ ಅಳೆದರೆ ಅಷ್ಟು ದೃಢವಾಗಿ ತಪ್ಪು ಉತ್ತರವೇ ಬರುತ್ತದೆ. ಶ್ರದ್ಧೆಯೂ ದುಡಿಮೆಯೂ ಮೊದಲ ಬಗೆಯ ದೋಷಕ್ಕೆ ಔಷಧ. ಎರಡನೆಯದಕ್ಕೆ ಉಪಕರಣವನ್ನೇ ಪರೀಕ್ಷಿಸಬೇಕು. ಒಳ್ಳೆಯ ಮನಸ್ಸಿನ, ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಶಿಕ್ಷಕಿಯಲ್ಲಿಯೂ ಎರಡನೆಯ ಬಗೆಯ ದೋಷವು ಉಳಿದಿರುವುದು ಸಾಧ್ಯ. ಇದರಲ್ಲಿ ಆಕೆಗೆ ಅವಮಾನವೇನೂ ಇಲ್ಲ.

ನಮ್ಮ ದೇಶದಲ್ಲಿ ಈ ಪಾಠವನ್ನು ಬಹಳ ಹಿಂದೆಯೇ ಕಲಿತವರಿದ್ದರು. ತಾರಾಬಾಯಿ ಮೋಡಕ್ ಮತ್ತು ಅವರ ಸಹೋದ್ಯೋಗಿ ಅನುತಾಯಿ ವಾಘ್ 1945ರಲ್ಲಿ ಮುಂಬಯಿಗೆ ಉತ್ತರದಲ್ಲಿರುವ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿಯನ್ನು ತೆರೆದರು. ಮಾಂಟೆಸರಿ ಪದ್ಧತಿಯನ್ನು ಬಲ್ಲವರು ಅವರು. ಆದರೆ ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಮಕ್ಕಳಿಗೆ ಆಸಕ್ತಿಯಿಲ್ಲವೆಂದು ಬರೆದಿಟ್ಟು ಅವರು ಕೈತೊಳೆದುಕೊಳ್ಳಬಹುದಾಗಿತ್ತು. ಅದಕ್ಕೆ ಬದಲಾಗಿ ಅವರು ಶಾಲೆಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ನಡೆದರು. ಅಂಗಳದ ಆ ಶಾಲೆಯೇ ಅಂಗನವಾಡಿ. ಇಂದು ದೇಶದ ಮೂಲೆಮೂಲೆಯಲ್ಲಿ ಕೇಳಿಬರುವ ಈ ಹೆಸರು ತಾರಾಬಾಯಿಯವರು ಕೊಟ್ಟದ್ದು. ಬೆಲೆಬಾಳುವ ಆಟಿಕೆಗಳಿಗೆ ಬದಲಾಗಿ ಬೀಜ, ಎಲೆ, ಕಪ್ಪೆಚಿಪ್ಪು, ಜೇಡಿಮಣ್ಣು ಇವನ್ನೇ ಬಳಸಿದರು. ಮುಂದೆ ವಾರ್ಲಿ ಆದಿವಾಸಿಗಳಿರುವ ಕೋಸಬಾಡಕ್ಕೆ ಹೋದಾಗ ಇನ್ನೊಂದು ತೊಡಕು ಎದುರಾಯಿತು: ಅಲ್ಲಿಯ ಮಕ್ಕಳು ಹಗಲೆಲ್ಲ ದನ ಮೇಯಿಸಲು ಹೋಗುತ್ತಿದ್ದರು. ಆಗ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ಅದಕ್ಕೆ ಕುರಣಶಾಲೆ, ಎಂದರೆ ಹುಲ್ಲುಗಾವಲ ಶಾಲೆ ಎಂದು ಹೆಸರಾಯಿತು. ಮಗು ಬಾರದಿದ್ದರೆ ಮಗುವನ್ನು ದೂರುವ ಮೊದಲು ಶಾಲೆಯನ್ನು ಪರೀಕ್ಷಿಸಬೇಕೆಂಬುದು ಅವರ ವಿಧಾನದ ತಿರುಳು. ತಮ್ಮೊಡನೆ ದುಡಿಯುವ ಬಾಲಸೇವಿಕೆಯರನ್ನು ಇದೇ ರೀತಿಯಲ್ಲಿ ಅವರು ತರಬೇತುಗೊಳಿಸಿದರು.

ಹೆಸರು ಉಳಿಯಿತು, ವಿಧಾನವು ಎಷ್ಟುಮಟ್ಟಿಗೆ ಉಳಿಯಿತೆಂಬುದು ವಿಚಾರಣೀಯ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಇಂದು ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು, ನಮ್ಮ ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಕಾರ್ಯಕರ್ತೆಯರು ಮಕ್ಕಳಿಗೆ ಊಟ ಬಡಿಸುತ್ತಾರೆ, ತೂಕ ನೋಡುತ್ತಾರೆ, ಗರ್ಭಿಣಿಯರ ಲೆಕ್ಕವಿಡುತ್ತಾರೆ, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆತರುತ್ತಾರೆ. ಇಷ್ಟೆಲ್ಲ ಆದಮೇಲೆ ಪಾಠ. ರಾಷ್ಟ್ರೀಯ ಶಿಕ್ಷಣ ನೀತಿಯು 2020ರಲ್ಲಿ ಇವರ ಶಿಕ್ಷಣದ ಪ್ರಶ್ನೆಯನ್ನು ಎತ್ತಿಕೊಂಡಿತು. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಆರು ತಿಂಗಳ ಸರ್ಟಿಫಿಕೇಟು ಶಿಕ್ಷಣ, ಅಷ್ಟು ಓದಿಲ್ಲದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಅದು ವಿಧಿಸಿತು. ಪಾಠಗಳು ಟೆಲಿವಿಷನ್ ಮತ್ತು ಮೊಬೈಲಿನ ಮೂಲಕ ದೂರದಿಂದಲೇ ನಡೆಯಬಹುದು. ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ ಇರಬೇಕು. ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯೀ ಭೀ’, ಎಂದರೆ ಪೋಷಣೆಯೂ ಓದೂ, ಎಂಬ ಹೆಸರಿನಲ್ಲಿ ಕಾರ್ಯಕರ್ತೆಯರಿಗೆಲ್ಲ ಬೋಧನೆಯ ತರಬೇತಿ ಕೊಡಲು ಹೊರಟಿತು. ಇವು ಸ್ವಾಗತಾರ್ಹ ಹೆಜ್ಜೆಗಳೇ. ಆದರೆ ಮೊಬೈಲಿನ ತೆರೆಯನ್ನು ನೋಡುತ್ತ ಹಾಡನ್ನು ಕಲಿಯಬಹುದು. ತನ್ನ ಕಣ್ಣಿನ ದೋಷವನ್ನು ಕಲಿಯಲಾಗದು. ಅದಕ್ಕೆ ಇನ್ನೊಬ್ಬರ ಕಣ್ಣು ಪಕ್ಕದಲ್ಲಿಯೇ ಇರಬೇಕು. ಬೆಸೆಲರು ತಮ್ಮ ದೋಷವನ್ನು ಅರಿತದ್ದು ಒಂಟಿಯಾಗಿ ಕುಳಿತಲ್ಲವಷ್ಟೆ.

ಆದಕಾರಣ ತಿಂಗಳಿಗೊಮ್ಮೆ ದೊರೆಯುವ ಆ ಮುಖಾಮುಖಿ ದಿನವನ್ನು ಉಪನ್ಯಾಸದಿಂದ ತುಂಬಬಾರದು. ಅಂದು ಮೂರು ಅಭ್ಯಾಸಗಳನ್ನು ಮಾಡಿಸಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು ಜೋಡಿ ವೀಕ್ಷಣೆ. ಇಬ್ಬರು ಕಾರ್ಯಕರ್ತೆಯರು ಒಂದೇ ಮಗುವನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನು ಬೇರೆ ಬೇರೆಯಾಗಿ ಬರೆದು, ಆಮೇಲೆ ಹೋಲಿಸಬೇಕು. ಮಗುವು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ ಎಂಬುದು ವೀಕ್ಷಣೆ. ಮಗುವು ಮಂದ ಎಂಬುದು ಅನುಮಾನ. ಈ ಎರಡನ್ನು ಬೇರ್ಪಡಿಸುವುದೇ ವಿಜ್ಞಾನದ ಮೊದಲ ಮೆಟ್ಟಿಲು. ಎರಡನೆಯದು ಎಣಿಕೆ. ಒಂದು ಗಂಟೆಯಲ್ಲಿ ಯಾವ ಮಗುವನ್ನು ಎಷ್ಟು ಬಾರಿ ಹೆಸರು ಹಿಡಿದು ಕರೆದರು, ಎಷ್ಟು ಬಾರಿ ಗದರಿದರು, ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡರು ಎಂದು ಗೀಟು ಹಾಕುತ್ತ ಹೋದರೆ, ಉಪನ್ಯಾಸವು ಹೇಳಲಾಗದ್ದನ್ನು ಆ ಗೀಟುಗಳು ಹೇಳುತ್ತವೆ. ಮೂರನೆಯದು ಮನೆಯ ಪರಿಚಯ. ತನ್ನ ಕೇಂದ್ರಕ್ಕೆ ಬರುವ ಮಕ್ಕಳ ಮನೆಮಾತುಗಳಲ್ಲಿ ಐವತ್ತು ಮಾತುಗಳನ್ನಾದರೂ ಕಾರ್ಯಕರ್ತೆಯು ಕಲಿತುಕೊಳ್ಳಬೇಕು: ನೀರು, ಹಸಿವು, ನೋವು, ತಾಯಿ, ಭಯ, ಸಾಕು, ಇನ್ನೂ ಬೇಕು. ಆ ಮನೆಯವರು ಯಾವ ಕೆಲಸ ಮಾಡುತ್ತಾರೆ, ಮಗುವಿಗೆ ಏನೇನು ಬರುತ್ತದೆ ಎಂಬುದನ್ನು ಅಂಗಳದಲ್ಲಿ ಕುಳಿತು ಕೇಳಿ ತಿಳಿಯಬೇಕು.

ಇದಕ್ಕೆ ಆಕ್ಷೇಪಗಳುಂಟು. ಎಲ್ಲ ಮಕ್ಕಳನ್ನೂ ಒಂದೇ ತೆರನಾಗಿ ನೋಡುವುದೇ ಸಮಾನತೆಯಲ್ಲವೆ, ಜಾತಿ ಭಾಷೆಗಳನ್ನು ಎಣಿಸಿ ನೋಡುವುದರಿಂದ ಭೇದವೇ ಹೆಚ್ಚೀತಲ್ಲವೆ ಎಂಬುದು ಒಂದು. ಈ ಆಕ್ಷೇಪದಲ್ಲಿ ಒಂದು ಎಚ್ಚರಿಕೆಯಿದೆ. ಅದನ್ನು ನಾವು ಒಪ್ಪುತ್ತೇವೆ. ಮಗುವಿನ ಎದುರಿಗೆ ಅದರ ಜಾತಿಯನ್ನು ಹೇಳುವುದು ಎಷ್ಟು ಘಾತಕವೆಂಬುದನ್ನು ಉತ್ತರಪ್ರದೇಶದ ಪ್ರಯೋಗವೇ ತೋರಿಸಿದೆ. ಆದರೆ ಕನ್ನಡ ಬಲ್ಲ ಮಗುವಿಗೂ ಬಾರದ ಮಗುವಿಗೂ ಒಂದೇ ಕಥೆಯನ್ನು ಒಂದೇ ಬಾರಿ ಹೇಳಿ, ಇಬ್ಬರಿಗೂ ಸಮನಾಗಿ ಕೊಟ್ಟೆನೆನ್ನುವುದು, ನೆಲದ ಮೇಲೆ ನಿಂತವನಿಗೂ ಬಾವಿಯಲ್ಲಿರುವವನಿಗೂ ಒಂದೇ ಅಳತೆಯ ಹಗ್ಗವನ್ನು ಹಂಚಿದಂತಾಗುತ್ತದೆ. ಭೇದವನ್ನು ಶಿಕ್ಷಕಿಯು ತನ್ನ ಮನಸ್ಸಿನಲ್ಲಿ ತಿಳಿದಿರಬೇಕು, ತರಗತಿಯಲ್ಲಿ ಸಾರಬಾರದು.

ಒಂದೇ ಕೋಣೆಯಲ್ಲಿ ಐದು ಭಾಷೆಗಳಿದ್ದರೆ ಶಿಕ್ಷಕಿಯು ಐದನ್ನೂ ಕಲಿಯಬೇಕೆ ಎಂಬುದು ಇನ್ನೊಂದು ಆಕ್ಷೇಪ. ಬೇಕಾಗಿಲ್ಲ. ಊರಿನ ಅಜ್ಜಿಯರಿದ್ದಾರಲ್ಲವೆ? ನ್ಯೂಜಿಲೆಂಡಿನಲ್ಲಿ ಮಾವೊರಿ ಜನರು ತಮ್ಮ ಭಾಷೆ ಅಳಿದುಹೋಗುತ್ತಿರುವುದನ್ನು ಕಂಡು 1982ರಲ್ಲಿ ಭಾಷೆಯ ಗೂಡು ಎಂಬ ಅರ್ಥದ ಹೆಸರಿನಲ್ಲಿ ಶಿಶುವಿಹಾರಗಳನ್ನು ತೆರೆದರು. ಅಲ್ಲಿ ಕೂಸುಗಳೊಡನೆ ಭಾಷೆಯನ್ನಾಡಿದವರು ಮನೆಯ ಹಿರಿಯರು. ಆ ದೇಶವು 1996ರಲ್ಲಿ ಶೈಶವದ ಶಿಕ್ಷಣಕ್ಕೆ ಒಂದು ಪಠ್ಯಕ್ರಮವನ್ನು ರೂಪಿಸಿ ಅದಕ್ಕೆ ಹೆಣೆದ ಚಾಪೆ ಎಂಬರ್ಥದ ಮಾವೊರಿ ಹೆಸರನ್ನಿಟ್ಟಿತು. 2017ರಲ್ಲಿ ಅದು ಪರಿಷ್ಕೃತವಾಯಿತು. ನಮ್ಮ ಹಳ್ಳಿಯ ಲಂಬಾಣಿ ಅಜ್ಜಿಯೋ ಬ್ಯಾರಿ ಅಜ್ಜಿಯೋ ವಾರಕ್ಕೆ ಒಂದು ಗಂಟೆ ಬಂದು ಕಥೆ ಹೇಳಿದರೆ, ಮಗುವಿಗೆ ತನ್ನ ಮನೆಮಾತು ಈ ಕೋಣೆಯಲ್ಲಿಯೂ ಸಲ್ಲುತ್ತದೆಂಬ ಧೈರ್ಯ ಬರುತ್ತದೆ. ಧೈರ್ಯ ಬಂದ ಮಗು ಕನ್ನಡವನ್ನೂ ಬೇಗ ಕಲಿಯುತ್ತದೆ. ಕನ್ನಡದ ಹಿತಕ್ಕೆ ಇದರಿಂದ ಕೊರತೆಯಿಲ್ಲ.

ಕಡೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದುದು: ಇಷ್ಟೊಂದು ಹೊರೆ ಹೊತ್ತ ಕಾರ್ಯಕರ್ತೆಯ ಹೆಗಲಿಗೆ ಮತ್ತೊಂದನ್ನು ಏರಿಸುವುದು ನ್ಯಾಯವೆ? ನ್ಯಾಯವಲ್ಲ, ಹಳೆಯ ಹೊರೆಯನ್ನು ಇಳಿಸದಿದ್ದರೆ. ಆಕೆಗೆ ಸಲ್ಲುವುದು ಇಂದಿಗೂ ಸಂಬಳವಲ್ಲ, ಗೌರವಧನ. ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಉಪದಾನಕ್ಕೆ ಅರ್ಹರೆಂದು ತೀರ್ಪು ಕೊಡಬೇಕಾಯಿತೆಂಬುದರಿಂದಲೇ ಅವರ ಸ್ಥಿತಿ ಎಂತಹುದೆಂದು ತಿಳಿಯುತ್ತದೆ. ಸಮನಾಗಿ ನೋಡುವುದನ್ನು ಮಕ್ಕಳಿಗೆ ಕಲಿಸಬೇಕಾದವಳನ್ನು ನಾವೇ ಸಮನಾಗಿ ನೋಡದಿದ್ದರೆ ತರಬೇತಿಯ ಮಾತು ಬಾಯಿಮಾತಾಗುತ್ತದೆ. ಮಕ್ಕಳೊಡನಿರಬೇಕಾದ ಹೊತ್ತನ್ನು ನುಂಗುವ ಲೆಕ್ಕಪತ್ರಗಳನ್ನು ಕಡಿಮೆಮಾಡುವುದೂ ತರಬೇತಿಯ ದಿನಗಳಿಗೆ ತಕ್ಕ ಭತ್ಯೆ ಕೊಡುವುದೂ ಸರ್ಕಾರದ ಹೊಣೆ.

ನಮ್ಮ ತರುಣ ವಾಚಕರಲ್ಲಿ ಒಂದು ಮಾತು. ಇಲ್ಲಿ ಹೇಳಿದ್ದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಕಿರಿಯ ತಮ್ಮತಂಗಿಯರಿಗೋ ನೆರೆಯ ಮಕ್ಕಳಿಗೋ ನೀವೇ ಪಾಠ ಹೇಳಿಕೊಡುವಾಗ, ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿ, ಯಾವ ಮಗುವಿನ ಕಡೆಗೆ ನೀವು ಎಷ್ಟು ಬಾರಿ ತಿರುಗಿದಿರೆಂದು ಗೀಟು ಹಾಕಲು ಹೇಳಿ. ಒಂದು ದಿನದ ಲೆಕ್ಕದಿಂದ ಏನೂ ಸಿದ್ಧವಾಗದು. ಒಂದು ವಾರ ಮಾಡಿ. ಲೆಕ್ಕವನ್ನು ನೋಡುವ ಮೊದಲು ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಊಹೆಗೂ ಗೀಟುಗಳಿಗೂ ಇರುವ ಅಂತರವೇ ನಿಮ್ಮ ವೈಯಕ್ತಿಕ ಸಮೀಕರಣ. ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುವಿರಿ, ಹಲವರು ತಾಯಿತಂದೆಗಳಾಗುವಿರಿ. ಈ ಲೆಕ್ಕ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಅಂಗನವಾಡಿಯ ಕಾರ್ಯಕರ್ತೆಯು ತಿಂಗಳು ತಿಂಗಳೂ ಮಕ್ಕಳನ್ನು ತೂಗುತ್ತಾಳೆ. ತೂಗುವ ಮೊದಲು ತಕ್ಕಡಿಯು ಸೊನ್ನೆಯನ್ನು ತೋರಿಸುತ್ತಿದೆಯೆ ಎಂದು ನೋಡಿಕೊಳ್ಳಬೇಕೆಂಬುದನ್ನು ಆಕೆಗೆ ನಾವು ಕಲಿಸಿದ್ದೇವೆ. ಮಗುವಿನ ಮೈಯ ತೂಕದಲ್ಲಿ ನೂರು ಗ್ರಾಮು ತಪ್ಪಬಾರದೆಂಬ ಕಾಳಜಿ ನಮಗಿದೆ. ಅದರ ಬುದ್ಧಿಯನ್ನು ತೂಗುವ ನೋಟಕ್ಕೂ ಇದೇ ಕಾಳಜಿ ಸಲ್ಲಬೇಕು. ಅದಕ್ಕೆ ಬೇಕಾದ ದಿನಗಳನ್ನೂ ಹಣವನ್ನೂ ಗೌರವವನ್ನೂ ತರಬೇತಿಯ ಯೋಜನೆಯಲ್ಲಿಯೇ ಸೇರಿಸುವಂತೆ ಕೇಳುವುದು ವಿಜ್ಞಾನವನ್ನು ಓದಿದ ನಮ್ಮೆಲ್ಲರ ಕರ್ತವ್ಯ.